ಮರಳಿಗೆ ಇಸ್ತ್ರಿ

ನಾನು ಹೋದದ್ದು ಇಸ್ತ್ರಿ ಮೇಜು ತರಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮಸ್ಕತ್ತಿನ ನಮ್ಮ ಬಳಗದಲ್ಲಿ ನಾನು ನಿಧಿಯ ಆಸೆಗೆ ಬಿದ್ದವನೆಂದು ಈಗಲೂ ನಂಬಿರುವವರಿದ್ದಾರೆ. ಅವರಲ್ಲಿ ಇಬ್ಬರು ನನ್ನ ಕೋಣೆಯಲ್ಲೇ ಮಲಗುತ್ತಾರೆ.

ಕೆಲಸದ ಗಡುವು ಮುಗಿದು ಊರಿಗೆ ಹೊರಡುವ ಇಂಗ್ಲಿಷರಿಗೆ ಇಲ್ಲಿ ಒಂದು ಪದ್ಧತಿ ಉಂಟು. ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ, ಸೂಪರ್‌ಮಾರ್ಕೆಟ್ಟಿನ ಹಲಗೆಗೆ ಒಂದು ಚೀಟಿ ಅಂಟಿಸಿ, ಶುಕ್ರವಾರ ಬೆಳಿಗ್ಗೆ ಬಂದವರಿಗೆ ಮಾರಿಬಿಡುತ್ತಾರೆ. ಅಂಥ ಒಂದು ಚೀಟಿಯಲ್ಲಿ ಇಸ್ತ್ರಿ ಮೇಜು ಇತ್ತು. ನಾನು ತಲುಪುವ ಹೊತ್ತಿಗೆ ಆ ಮೇಜನ್ನು ಯಾರೋ ಟ್ಯಾಕ್ಸಿಯ ತಲೆಯ ಮೇಲೆ ಕಟ್ಟಿಸುತ್ತಿದ್ದರು. ಅಂಗಳದಲ್ಲಿ ಉಳಿದಿದ್ದದ್ದು ಒಡಕು ಮೀನಿನ ತೊಟ್ಟಿ, ಹಿಮದ ಮೇಲೆ ಜಾರುವ ಹಲಗೆಗಳ ಒಂದು ಜೊತೆ, ಮತ್ತು ಒಂದು ಯಂತ್ರ. ಒಮಾನಿಗೆ ಬರುವಾಗ ಹಿಮದ ಹಲಗೆಯನ್ನು ಯಾಕೆ ತಂದಿದ್ದನೋ ಆ ಪುಣ್ಯಾತ್ಮ, ನಾನು ಕೇಳಲಿಲ್ಲ. ಯಂತ್ರವನ್ನು ಮಾತ್ರ ಕೇಳಿದೆ. ಅಲ್ಲಿಗೆ ನನ್ನ ಕತೆ ಮುಗಿಯಿತು, ಅಥವಾ ಸುರುವಾಯಿತು.

ಯಂತ್ರವೆಂದರೆ ದೊಡ್ಡದೇನಲ್ಲ. ಸೊಂಟದವರೆಗೆ ಬರುವ ಒಂದು ಕೋಲು. ಅದರ ತುದಿಗೆ ಊಟದ ತಟ್ಟೆಯಷ್ಟು ಅಗಲದ ಚಪ್ಪಟೆ ಬಿಲ್ಲೆ. ಹಿಡಿಯ ಹತ್ತಿರ ಬ್ಯಾಟರಿ ಪೆಟ್ಟಿಗೆ, ಎರಡು ತಿರುಗುಗುಂಡಿ, ಕಿವಿಗೆ ಹೆಡ್‌ಫೋನು. ನೆಲದ ಮೇಲೆ ಬಿಲ್ಲೆಯನ್ನು ಆಡಿಸುತ್ತ ಹೋಗಬೇಕು. ಅಡಿಯಲ್ಲಿ ಲೋಹವಿದ್ದರೆ ಕೂಗುತ್ತದೆ. ಇಂಗ್ಲಿಷಿನವನು ಮಣ್ಣಿನೊಳಗೆ ಒಂದು ನಾಣ್ಯ ತುರುಕಿ ನನ್ನ ಕಿವಿಗೆ ಹೆಡ್‌ಫೋನು ಇಟ್ಟ. ನೆಲದಿಂದ ಒಂದು ಸಣ್ಣ "ಕೂ" ಬಂತು. ಕಾಣದ ವಸ್ತುವೊಂದು 'ನಾನಿಲ್ಲಿದ್ದೇನೆ' ಎಂದು ಹೇಳಿದ್ದನ್ನು ನಾನು ಜೀವನದಲ್ಲಿ ಮೊದಲ ಸಲ ಕೇಳಿದ್ದು. ಒಂದು ಗುಂಡಿ ಶಬ್ದದ್ದಂತೆ, ಇನ್ನೊಂದು ಕಸದ್ದಂತೆ. ಅದನ್ನು ತಿರುಗಿಸಿದಷ್ಟೂ ಕಸದ ಕೂಗು ಕೇಳುವುದಿಲ್ಲವಂತೆ. ಹೆಚ್ಚಿನ ವಿವರಕ್ಕೆ ಕೈಪಿಡಿ ಕೊಡೋಣವೆಂದರೆ ಅದು ಪುಸ್ತಕಗಳ ಪೆಟ್ಟಿಗೆಯೊಂದಿಗೆ ಹಡಗು ಹತ್ತಿಬಿಟ್ಟಿತ್ತು. ನಾನು ಯಂತ್ರವನ್ನು ಹೆಗಲಿಗೇರಿಸಿಕೊಂಡು, ಸುಕ್ಕು ಬಿದ್ದ ಅಂಗಿಯಲ್ಲೇ ಮನೆಗೆ ಬಂದೆ.

ನನ್ನ ಉದ್ಯೋಗ ಹೇಳಿದರೆ ನಿಮಗೆ ಮುಂದಿನದ್ದು ಅರ್ಥವಾದೀತು. ವಾದಿ ಅದಾಯ್‌ನಲ್ಲಿ ವಾಹನಗಳ ಬಿಡಿಭಾಗ ಮಾರುವ ಒಂದು ಮಳಿಗೆಯಲ್ಲಿ ನಾನು ಸ್ಟೋರ್‌ಕೀಪರ್. ಬೋಲ್ಟು, ನಟ್ಟು, ವಾಷರುಗಳನ್ನು ಎಣಿಸಿ ಡಬ್ಬಿಗೆ ಹಾಕುವುದು, ಡಬ್ಬಿಯಿಂದ ತೆಗೆದು ಎಣಿಸುವುದು. ಎಣಿಸುವ ಚಾಳಿ ಸಂಜೆ ಬಾಗಿಲು ಹಾಕಿದ ಕೂಡಲೇ ಬಿಟ್ಟುಹೋಗುವಂಥದ್ದಲ್ಲ. ನಾನು ದಿನಚರಿಯಲ್ಲಿ ತಿಂದ ದೋಸೆ ಬರೆಯುತ್ತೇನೆ, ಊರಿಂದ ಬಂದ ಕಾಗದ ಬರೆಯುತ್ತೇನೆ, ಮಳೆ ಬಂದರೆ ಬರೆಯುತ್ತೇನೆ (ಈ ಕಾಲಮ್ಮಿಗೆ ಇಲ್ಲಿ ಹೆಚ್ಚು ಜಾಗ ಬೇಡ). ಯಂತ್ರ ಬಂದ ದಿನವೇ ಒಂದು ಹೊಸ ಪುಟ ತೆರೆದು ಸ್ಕೇಲಿನಿಂದ ಗೆರೆ ಹಾಕಿದೆ. ಎಡದಲ್ಲಿ ತಾರೀಕು, ಸ್ಥಳ. ಬಲತುದಿಯಲ್ಲಿ ಬಹಳ ವಿಶ್ವಾಸದಿಂದ 'ಚಿನ್ನ-ಬೆಳ್ಳಿ' ಎಂದು ಬರೆದು, ಅಂಕೆಗಳು ದೊಡ್ಡವಾದಾವೆಂದು ಆ ಕಾಲಮ್ಮನ್ನು ಸ್ವಲ್ಪ ಅಗಲವಾಗಿಯೇ ಬಿಟ್ಟೆ.

ಮೊದಲ ಶುಕ್ರವಾರದ ದಾಖಲೆ ಹೀಗಿದೆ: "ನಾಲಗೆ ಮೂವತ್ತೊಂದು. ಬಾಟ್ಲಿ ಮುಚ್ಚಳ ಹದಿನಾಲ್ಕು. ಮೊಳೆ ಒಂಬತ್ತು. ಚಮಚ ಒಂದು. ಬಿಸಿಲು ಜೋರು."

ನಾಲಗೆ ಎಂದರೆ ಏನೆಂದು ಹೇಳಬೇಕು. ಕೋಲಾ ಡಬ್ಬಿಯನ್ನು ತೆರೆಯುವಾಗ ಬೆರಳು ತೂರಿಸಿ ಎಳೆದರೆ ಒಂದು ಬಳೆ, ಬಳೆಗೆ ಅಂಟಿದ ಒಂದು ತಗಡಿನ ನಾಲಗೆ ಕಿತ್ತು ಕೈಗೆ ಬರುತ್ತದಲ್ಲ, ಅದು. ಕಿತ್ತವನು ಅದನ್ನು ಎಂದೂ ಜೇಬಿಗೆ ಹಾಕುವುದಿಲ್ಲ. ಕೊಲ್ಲಿಯ ಬಾಯಾರಿಕೆ ಎಷ್ಟು ದೊಡ್ಡದು ಎಂಬುದಕ್ಕೆ ಇಲ್ಲಿನ ಮರಳೇ ಸಾಕ್ಷಿ. ಈ ಕರಾವಳಿಯಲ್ಲಿ ಒಂದು ಕಾಲಕ್ಕೆ ಹಾಯಿಹಡಗುಗಳು ಖರ್ಜೂರ, ಒಣಮೀನು ಹೊತ್ತು ನಮ್ಮ ಮಂಗಳೂರಿನವರೆಗೂ ಹೋಗಿ ಅಕ್ಕಿ, ಹಂಚು ತಂದಿವೆ. ಮತ್ರಾದ ಪೇಟೆಯಲ್ಲಿ ಈಗಲೂ ಯಾವುದೋ ಪರದೇಶದ ರಾಣಿಯ ತಲೆಯಿರುವ ದಪ್ಪ ಬೆಳ್ಳಿನಾಣ್ಯಗಳನ್ನು ತೂಗಿ ಮಾರುತ್ತಾರೆ. ಅಂಥ ಒಬ್ಬ ರಾಣಿ ನನಗಾಗಿ ಮರಳಿನಡಿಯಲ್ಲಿ ಕಾದಿದ್ದಾಳೆಂದು ನಾನು ಮಂಡಿಯೂರಿ ತೋಡುತ್ತಿದ್ದೆ. ಬರುತ್ತಿದ್ದದ್ದು ನಾಲಗೆ. ಎರಡನೆಯ ವಾರ ನಾಲಗೆ ನಲವತ್ತಾರು. ಮೂರನೆಯ ವಾರ ಐವತ್ತೆರಡು.

ನನ್ನ ದಿನಚರಿ ಕೋಣೆಯಲ್ಲಿ ಗೋಡೆ ಕ್ಯಾಲೆಂಡರಿನಷ್ಟೇ ಸಾರ್ವಜನಿಕ. ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತ ಅದನ್ನು ಓದುವುದು ಜತೆಗಾರರಿಗೆ ಅಭ್ಯಾಸವಾಯಿತು. "ಓಯ್ ಪ್ರಭಾಕರ, ಇಷ್ಟು ನಾಲಗೆ ಇಟ್ಟುಕೊಂಡೂ ನೀನು ಸಂಬಳ ಹೆಚ್ಚಿಸಿ ಅಂತ ಒಂದು ಮಾತು ಕೇಳುವುದಿಲ್ಲವಲ್ಲ ಮಾರಾಯಾ!" ನನಗೆ ಅವಮಾನವಾಯಿತು. ತಮಾಷೆಗಲ್ಲ, ಅಂಕೆಗೆ. ಏರುತ್ತ ಹೋಗುವ ಕಾಲಮ್ಮು ಕಸದ್ದು, ಅಗಲವಾಗಿ ಬಿಟ್ಟ ಕಾಲಮ್ಮು ಖಾಲಿ. ಯಾವ ಸ್ಟೋರ್‌ಕೀಪರ್ ಇದನ್ನು ಸಹಿಸುತ್ತಾನೆ? ನಾಲ್ಕನೆಯ ಶುಕ್ರವಾರ ಒಂದು ನಾಲಗೆಯನ್ನು ಮರಳಿನ ಮೇಲಿಟ್ಟು, ಅದರ ಕೂಗು ಪೂರಾ ನಿಲ್ಲುವವರೆಗೆ ಕಸದ ಗುಂಡಿಯನ್ನು ತಿರುಗಿಸಿದೆ. ಗುಂಡಿ ಅಲ್ಲಾಡದಂತೆ ಮೇಲೊಂದು ಟೇಪು ಅಂಟಿಸಿದೆ. ಅಂದಿನ ದಾಖಲೆ: "ನಾಲಗೆ ಸೊನ್ನೆ. ಹತ್ತು ಬೈಸಾ ನಾಣ್ಯ ಎರಡು. ಕ್ರಮ ಯಶಸ್ವಿ." ಆ ರಾತ್ರಿ ನಾನು ಚೆನ್ನಾಗಿ ನಿದ್ರೆ ಮಾಡಿದೆ. ಸಮುದ್ರತೀರವೇ ಸ್ವಚ್ಛವಾದ ಹಾಗೆ.

ಹವ್ಯಾಸಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದೂ ಆ ದಿನಗಳಲ್ಲೇ. ಒಂದು ಸಂಜೆ ಪೊಲೀಸ್ ಜೀಪು ಬಂದು ಪಕ್ಕದಲ್ಲಿ ನಿಂತಿತು. ಇಳಿದ ಯುವಕ ಯಂತ್ರವನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿ, "ಕ್ಯಾ ಹೈ ಯೇ? ಬಾಂಬ್ ಢೂಂಢ್ತಾ?" ಎಂದ. ನಾನು ಗಾಬರಿಯಲ್ಲಿ ಪತಾಕಾದಿಂದ ಹಿಡಿದು ಕಫೀಲನ, ಅಂದರೆ ನನ್ನ ವೀಸಾಕ್ಕೆ ಹೊಣೆ ನಿಂತ ಧಣಿಯ, ಟೆಲಿಫೋನ್ ನಂಬರಿನವರೆಗೆ ಎಲ್ಲ ಒಪ್ಪಿಸಿದೆ. ಪತಾಕಾ ಎಂದರೆ ಇಲ್ಲಿ ನಾವು ಸದಾ ಜೇಬಿನಲ್ಲಿಡಬೇಕಾದ ಗುರುತಿನ ಚೀಟಿ. ಅವನು ಅದೊಂದನ್ನೂ ನೋಡದೆ ಹೆಡ್‌ಫೋನನ್ನು ತನ್ನ ಟೊಪ್ಪಿಯ ಮೇಲೆಯೇ ಹಾಕಿಕೊಂಡ. ಹತ್ತು ನಿಮಿಷ ಯಂತ್ರ ಆಡಿಸಿದ. ಒಂದು ಬೈಸಾ ನಾಣ್ಯ ಸಿಕ್ಕಾಗ ಜೀಪಿನಲ್ಲಿದ್ದವನಿಗೆ ಕೂಗಿ ತೋರಿಸಿದ. ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಪುರಾನಾ ಚೀಜ್ ಮಿಲಾ ತೋ ಹುಕೂಮತ್ ಕಾ. ಸಮಜ್ ಗಯಾ? ಖಲಾಸ್" ಎಂದು ಹೊರಟ. ಹಳೆಯ ವಸ್ತು ಸಿಕ್ಕಿದರೆ ಅದು ಸರ್ಕಾರದ್ದಂತೆ. ನಾಣ್ಯವನ್ನು ಕೊಡಲಿಲ್ಲ. ಅದರ ಮೇಲೆ ಅವನಿಗೆ ಹಕ್ಕಿತ್ತು, ತೋಡಿದ್ದು ಅವನೇ.

ಇಷ್ಟರವರೆಗೆ ನನ್ನ ಹವ್ಯಾಸದಿಂದ ಯಾರಿಗೂ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ಹವ್ಯಾಸದ ಲಕ್ಷಣವೇ ಅದು. ಅದಕ್ಕೊಂದು ಅರ್ಥ ಬಂದದ್ದು ವಿಜಯಕ್ಕನ ಉಂಗುರದಿಂದ.

ವಿಜಯಕ್ಕ, ಅವರ ಗಂಡ ಸದಾನಂದಣ್ಣ, ಇಬ್ಬರೂ ಉಡುಪಿಯ ಕಡೆಯವರು. ಸದಾನಂದಣ್ಣ ಒಂದು ಸಾಗಣೆ ಕಚೇರಿಯಲ್ಲಿ ಕೆಲಸಕ್ಕಿದ್ದಾರೆ. ಬ್ರಹ್ಮಚಾರಿಗಳಾದ ನಮಗೆ ಶುಕ್ರವಾರದ ಮೀನುಸಾರು ಆ ಮನೆಯಲ್ಲಿ. ನವೆಂಬರಿನ ಒಂದು ಶುಕ್ರವಾರ ನಾವೆಲ್ಲ ಸುವೈಕಿನ ಕಡಲತೀರಕ್ಕೆ ಹೋದೆವು. ಅಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಉಳ್ಳಾಲದ ಹಮೀದಾಕ ಬಹಳ ದಿನದಿಂದ ಕರೆಯುತ್ತಿದ್ದರು. ಬ್ಯಾರಿಗಳಲ್ಲಿ ಹಿರಿಯರನ್ನು 'ಕಾಕ' ಎನ್ನುವ ರೂಢಿ. ಹಾಗಾಗಿ ಹಮೀದ್ ಕಾಕ ನಮ್ಮೆಲ್ಲರಿಗೂ ಹಮೀದಾಕ. ನಾನು ಯಂತ್ರ ಹಿಡಿದು ಮರಳಿನ ಮೇಲೆ ಆಚೀಚೆ ಆಡಿಸುತ್ತ ನಡೆದದ್ದನ್ನು ಅವರು ಸ್ವಲ್ಪ ಹೊತ್ತು ನೋಡಿ, "ಎಂತ ಮಾರಾಯಾ ಇದು, ಮರಳಿಗೆ ಇಸ್ತ್ರಿ ಹಾಕುವುದಾ? ಮೊದಲು ನಿನ್ನ ಅಂಗಿಗೆ ಹಾಕು" ಎಂದರು. ನಾನು ಇಸ್ತ್ರಿ ಮೇಜಿನ ಸಂಗತಿಯನ್ನು ಅವರಿಗೆ ಹೇಳಿರಲೇ ಇಲ್ಲ!

ನಮ್ಮ ಕಡೆಯವರು ಪಿಕ್ನಿಕ್ಕಿಗೆ ಹೋದರೆ ಚರುಮುರಿ ಕಲಸಲೇಬೇಕು. ಚಮಚದಲ್ಲಿ ಕಲಸಿದರೆ ಅದು ಚರುಮುರಿ ಅಲ್ಲ ಎಂಬುದು ವಿಜಯಕ್ಕನ ಸಿದ್ಧಾಂತ. ತೆಂಗಿನೆಣ್ಣೆ, ಮೆಣಸಿನ ಪುಡಿ, ನೀರುಳ್ಳಿ ಹಾಕಿ ಕೈಯಲ್ಲೇ ತಿಕ್ಕಬೇಕು. ಅದಕ್ಕಾಗಿ ಉಂಗುರ ಬಿಚ್ಚಿ ಚಾಪೆಯ ಮೂಲೆಯಲ್ಲಿ ಉಪ್ಪಿನ ಕರಡಿಗೆಯ ಪಕ್ಕ ಇಟ್ಟರು. ಚರುಮುರಿ ಖಾಲಿಯಾಯಿತು. ಹೊತ್ತು ಮುಳುಗುವಾಗ ಎಲ್ಲರೂ ಸೇರಿ ಚಾಪೆಯನ್ನು ನಾಲ್ಕು ಮೂಲೆ ಹಿಡಿದು ಜೋರಾಗಿ ಕೊಡವಿದೆವು. ಒಂದು ಮೂಲೆ ಹಿಡಿದವನು ನಾನೇ. ಹಿಂತಿರುಗುವ ದಾರಿಯಲ್ಲಿ ಬರ್ಕಾ ದಾಟಿದ ಮೇಲೆ ಕಾರಿನ ಹಿಂದಿನ ಸೀಟಿನಿಂದ ವಿಜಯಕ್ಕ ಹೇಳಿದ್ದು ಒಂದೇ ಮಾತು: "ಅಯ್ಯೋ ದೇವರೇ, ನನ್ನ ವಂಕಿ!"

ವಂಕಿ ಉಂಗುರವನ್ನು ನೀವು ನೋಡಿರುತ್ತೀರಿ. ಮಕ್ಕಳು ಚಿತ್ರದಲ್ಲಿ ದೂರದ ಹಕ್ಕಿಯನ್ನು ಬಿಡಿಸುವ ಹಾಗೆ ನಡುವೆ ಬಾಗಿರುತ್ತದೆ. ವಿಜಯಕ್ಕನದ್ದು ಅಂಗಡಿಯಿಂದ ತಂದದ್ದಲ್ಲ. ಮದುವೆಯಾಗಿ ಮನೆ ತುಂಬಿದ ದಿನ ಅವರ ಅತ್ತೆ ತನ್ನ ಬೆರಳಿನಿಂದ ತೆಗೆದು ಸೊಸೆಯ ಬೆರಳಿಗೆ ಹಾಕಿದ್ದು. ಅತ್ತೆಯ ಕೈಯಲ್ಲಿ ಗದ್ದೆಗೆ ನೇಜಿ ನೆಟ್ಟು, ಮೀನು ತೊಳೆದು, ಪಾತ್ರೆ ತಿಕ್ಕಿ ಕಾಗದದಷ್ಟು ತೆಳ್ಳಗಾದ ಉಂಗುರ. ಮತ್ರಾದ ಪೇಟೆಯಲ್ಲಿ ಅದರ ಹತ್ತು ಪಟ್ಟು ತೂಕದ್ದು ಸಿಕ್ಕೀತು. ಅಷ್ಟು ಸವೆದದ್ದು ಎಲ್ಲಿ ಸಿಗುತ್ತದೆ? ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಆ ಅತ್ತೆ ಇನ್ನು ಹನ್ನೆರಡೇ ದಿನಕ್ಕೆ ಮೂರು ತಿಂಗಳ ವೀಸಾದಲ್ಲಿ ಮಸ್ಕತ್ತಿಗೆ ಬರುವವರಿದ್ದರು.

"ಪ್ರಭಾಕರ, ನಿನ್ನ ಮಿಷನ್ ಉಂಟಲ್ಲ!" ಎಂದರು ಸದಾನಂದಣ್ಣ. ಕಾರಿನಲ್ಲಿದ್ದ ಎಲ್ಲರೂ ನನ್ನ ಕಡೆ ತಿರುಗಿದರು. ಚಮಚ, ಮೊಳೆಗಳ ಶೋಧಕನಾಗಿ ಕಾರು ಹತ್ತಿದ್ದ ನಾನು ಆ ಕ್ಷಣದಲ್ಲಿ ವೈದ್ಯನಾಗಿಬಿಟ್ಟೆ. "ಚಿಂತೆ ಮಾಡಬೇಡಿ ಅಕ್ಕ" ಎಂದೆ, ವೈದ್ಯರು ಹೇಳುವ ಹಾಗೆಯೇ.

ಮುಂದಿನ ಶುಕ್ರವಾರ ಹಮೀದಾಕನ ಅಂಗಡಿಯಿಂದ ಅವರ ಪಿಕಪ್ಪಿನಲ್ಲಿ ಅದೇ ಜಾಗಕ್ಕೆ ಹೋದೆವು. ಕವುಚಿ ಹಾಕಿದ ಒಂದು ಹಳೆಯ ದೋಣಿ, ಅದರ ಪಕ್ಕ ಖರ್ಜೂರದ ಗರಿಯ ಚಪ್ಪರ, ಗುರುತು ತಪ್ಪುವಂತಿರಲಿಲ್ಲ. ಬೆಳಗ್ಗಿನಿಂದ ಸಂಜೆಯವರೆಗೆ ಒಂದಂಗುಲ ಬಿಡದೆ ಬಿಲ್ಲೆ ಆಡಿಸಿದೆ. ಯಂತ್ರ ಧ್ಯಾನಕ್ಕೆ ಕೂತ ಹಾಗೆ ಮೌನವಾಗಿತ್ತು. ಸಿಕ್ಕಿದ್ದು ಹತ್ತು ಬೈಸಾದ ಒಂದು ನಾಣ್ಯ. ನಾನು ಬೆವರೊರೆಸಿಕೊಂಡು, ಸ್ಟೋರಿನಲ್ಲಿ 'ದಾಸ್ತಾನಿಲ್ಲ' ಎಂದು ಹೇಳುವ ದನಿಯಲ್ಲಿ, "ಇಲ್ಲಿ ಇಲ್ಲ ಅಕ್ಕ, ಗ್ಯಾರಂಟಿ" ಎಂದೆ. ಗ್ಯಾರಂಟಿ ಎಂಬ ಶಬ್ದವನ್ನು ಅಂದಿನಿಂದ ನಾನು ಬಳಸುವುದನ್ನು ಬಿಟ್ಟಿದ್ದೇನೆ.

ವಿಜಯಕ್ಕ ಅಳಲಿಲ್ಲ. "ನಾನು ಕೊರಗಜ್ಜನಿಗೆ ಹೇಳಿಕೊಂಡಿದ್ದೇನೆ. ಚಕ್ಕುಲಿ, ವೀಳ್ಯದೆಲೆ, ಒಂದು ಬಾಟ್ಲಿ" ಎಂದರು.

ತುಳುನಾಡಿನವರಿಗೆ ಇದರ ವಿವರಣೆ ಬೇಡ. ದನ ತಪ್ಪಿಸಿಕೊಂಡರೂ ಸರಿ, ಕೊಡೆ ಕಳೆದರೂ ಸರಿ, ನಾವು ಮೊದಲು ನೆನೆಯುವುದು ಈ ಅಜ್ಜನನ್ನು. ಕಳೆದ ವಸ್ತು ಹುಡುಕಿಕೊಡುವ ಕಸುಬಿನಲ್ಲಿ ಅವನು ಬಹಳ ಹಳಬ. ಬ್ಯಾಟರಿ ಬೇಡ, ಹೆಡ್‌ಫೋನು ಬೇಡ.

"ಅಜ್ಜನಿಗೆ ಇಲ್ಲಿಗೆ ಬರಲಿಕ್ಕೆ ವೀಸಾ ಬೇಡವಾ?" ಎಂದರು ಸದಾನಂದಣ್ಣ.

"ಬಾಯಿ ಮುಚ್ಚಿ ನೀವು. ಚಾಪೆ ಕೊಡವಲಿಕ್ಕೆ ಹೇಳಿದ್ದು ಯಾರು? ಅಜ್ಜನ ಹತ್ತಿರ ತಮಾಷೆ ಮಾಡಬೇಡಿ."

ಹಮೀದಾಕ ಪಿಕಪ್ಪಿನ ಕೀಲಿ ತಿರುಗಿಸುತ್ತ, "ಅಕ್ಕ, ನಮ್ಮ ಉಳ್ಳಾಲದ ದರ್ಗಾಕ್ಕೂ ನಾನೊಂದು ನಿಯ್ಯತ್ ಮಾಡಿ ಇಡುತ್ತೇನೆ. ಎರಡು ಕಡೆಯಿಂದಲೂ ಹುಡುಕಲಿ" ಎಂದರು. ನನ್ನ ಯಂತ್ರದ ಹೆಸರನ್ನು ಯಾರೂ ಎತ್ತಲಿಲ್ಲ.

ಮಂಗಳವಾರ ಸಂಜೆ ಸದಾನಂದಣ್ಣನ ಮನೆಗೆ ಹೋಗಿದ್ದೆ. ಮರುದಿನವೇ ಅತ್ತೆ ಬರುವವರು. ವಿಜಯಕ್ಕ ಚಹಾ ಕೊಟ್ಟು, "ಅಲ್ಲ ಪ್ರಭಾಕರ, ನನ್ನದೊಂದು ಆಸೆ. ಚಿನ್ನ ಸಿಕ್ಕಿದರೆ ಆ ಮಿಷನ್ ಹೇಗೆ ಕೂಗುತ್ತದೆ ಅಂತ ಒಮ್ಮೆ ಕೇಳಬೇಕಿತ್ತು. ಸಿಗಲಂತೂ ಇಲ್ಲ, ಕೂಗಾದರೂ ಕೇಳುವ" ಎಂದರು. ನಾನು ಕೋಣೆಗೆ ಹೋಗಿ ಯಂತ್ರ ತಂದೆ. ನೆಲದ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಅದು ಬೊಬ್ಬೆ ಹಾಕುವುದರಿಂದ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತರಕ್ಕೆ ಟೀಪಾಯಿಯ ಮೇಲಿಟ್ಟು, ಅದರಲ್ಲಿ ವಿಜಯಕ್ಕನ ಒಂದು ಬಳೆ ಇಟ್ಟೆವು. ಯಂತ್ರ ಖುಷಿಯಿಂದ ಕೂಗಿತು. ಬಳೆ ತೆಗೆದು ಒಂದು ಸಣ್ಣ ಉಂಗುರ ಇಟ್ಟೆವು.

ಮೌನ.

ಬಿಲ್ಲೆಯನ್ನು ತಾಗಿಸುವಷ್ಟು ಹತ್ತಿರ ತಂದೆ. ಮೌನ. ಸದಾನಂದಣ್ಣನ ಉಂಗುರ ಇಟ್ಟೆವು. ಅದಕ್ಕೂ ಮೌನ.

"ಇದು ಚಿನ್ನವೇ ಮಾರಾಯಾ. ನನ್ನ ಮಾವ ಕೊಟ್ಟದ್ದು" ಎಂದರು ಸದಾನಂದಣ್ಣ, ಸ್ವಲ್ಪ ಸಂಶಯದಿಂದ ಹೆಂಡತಿಯ ಮುಖ ನೋಡುತ್ತ.

ನನ್ನ ಕಣ್ಣು ಗುಂಡಿಯ ಮೇಲಿನ ಟೇಪಿನ ಮೇಲೆ ಬಿತ್ತು. ಟೇಪು ಕಿತ್ತೆ. ಗುಂಡಿಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದೆ. ಉಂಗುರ ಮೆಲ್ಲಗೆ ಕೆಮ್ಮಿತು, ಆಮೇಲೆ ಸ್ಪಷ್ಟವಾಗಿ "ಕೂ" ಎಂದಿತು. ಆ ಕೂಗು ನನಗೆ ಚೆನ್ನಾಗಿ ಪರಿಚಯವಿತ್ತು. ಫ್ರಿಜ್ಜಿನಿಂದ ಒಂದು ಕೋಲಾ ಡಬ್ಬಿ ತೆರೆಸಿ, ನಾಲಗೆಯನ್ನು ಉಂಗುರದ ಪಕ್ಕ ಇಟ್ಟೆ. ಒಂದೇ ದನಿ; ಅಣ್ಣತಮ್ಮಂದಿರು ಟೆಲಿಫೋನಿನಲ್ಲಿ ಮಾತಾಡಿದ ಹಾಗೆ. ತೆಳು ತಗಡು, ತೆಳು ಚಿನ್ನ ಯಂತ್ರಕ್ಕೆ ಒಂದೇ. ಒಂದಕ್ಕೆ ಕಿವುಡಾದರೆ ಇನ್ನೊಂದಕ್ಕೂ ಕಿವುಡು.

ಬ್ರಹ್ಮಚಾರಿಯ ಕೋಣೆಯಲ್ಲಿ ಪರೀಕ್ಷೆ ಮಾಡಿ ನೋಡಲು ನಾಲಗೆ ಬೇಕಾದಷ್ಟಿತ್ತು, ಒಂದು ಗುಲಗಂಜಿ ಚಿನ್ನ ಇರಲಿಲ್ಲ. ಲೆಕ್ಕ ಚೊಕ್ಕವಾಗಿ ಕಾಣಲೆಂದು ನಾನು ಯಂತ್ರಕ್ಕೆ ಬೇಡವೆಂದು ಹೇಳಿಕೊಟ್ಟದ್ದು ಚಿನ್ನವನ್ನೇ. ಸಮಾಧಾನಕ್ಕೆ ಒಂದು ಮಾತು ಹೇಳಿಕೊಳ್ಳುತ್ತೇನೆ: ಈ ಗುಂಡಿ ನನ್ನ ಯಂತ್ರಕ್ಕೆ ಮಾತ್ರ ಇರುವುದಲ್ಲ. ನಮ್ಮ ಮ್ಯಾನೇಜರಿಗೂ ಒಂದಿದೆ. ಗೊಣಗಾಟ ಕೇಳಬಾರದೆಂದು ಅವರು ಅದನ್ನು ಎಷ್ಟು ತಿರುಗಿಸಿಟ್ಟಿದ್ದಾರೆಂದರೆ, ಗೋದಾಮಿಗೆ ನೀರು ನುಗ್ಗಿದ್ದನ್ನು ಹೇಳಲು ಹೋದವನಿಗೂ ತಲೆಯಾಡಿಸಿ ಕಳುಹಿಸಿದ್ದರು. ಊರಿಂದ ಅಮ್ಮ ಬರೆಯುವ ಕಾಗದದಲ್ಲಿ ಮೊದಲ ಒಂದೂವರೆ ಪುಟ ನೆರೆಕರೆಯವರ ಸುದ್ದಿ ಎಂದು ನಾನೂ ಹಾರಿಸಿ ಓದುತ್ತೇನೆ. ಅದರಲ್ಲಿ ಎಷ್ಟು ಉಂಗುರ ಹೋಯಿತೋ.

ವಿಜಯಕ್ಕ ಬೈಯಲಿಲ್ಲ. ಬಿದ್ದು ಬಿದ್ದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹಾಗಾದರೆ ಅದು ಅಲ್ಲೇ ಉಂಟು!" ಎಂದರು. ನನ್ನ ಗ್ಯಾರಂಟಿ ಸುಳ್ಳಾದದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ಬುಧವಾರ ಅತ್ತೆ ಬಂದರು. ನಾವು ಅವರನ್ನು ಅಮ್ಮ ಎಂದೇ ಕರೆದೆವು. ಸಣ್ಣ ಆಳು, ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿದವರು. ವಿಮಾನದಲ್ಲಿ ಕೊಟ್ಟ ಪ್ಲಾಸ್ಟಿಕ್ ಚಮಚಗಳನ್ನು ಬ್ಯಾಗಿನಲ್ಲಿ ಜೋಪಾನವಾಗಿ ತಂದಿದ್ದರು. ವಿಜಯಕ್ಕ ಬಲಗೈಯ ಬೆರಳಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿದ್ದರು. "ಮೀನು ಕೊಯ್ಯುವಾಗ ಕತ್ತಿ ತಾಗಿತು ಮಾಮಿ" ಎಂದರಂತೆ. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತಾರೆ. ಸುಳ್ಳು ಹೇಳುವುದು ಸುಲಭ, ಅದಕ್ಕೆ ಔಷಧಿ ಮಾಡಿಸಿಕೊಳ್ಳುವುದು ಕಷ್ಟ ಎಂದು ವಿಜಯಕ್ಕನಿಗೆ ತಿಳಿದದ್ದು ಮನೆಗೆ ಬಂದ ಮೇಲೆ. ಅಮ್ಮ ಕೈಕಾಲು ತೊಳೆದವರೇ ಅರಸಿನ ತೇಯ್ದು ತಂದರು. "ಬಿಚ್ಚು, ಹಚ್ಚುತ್ತೇನೆ." "ಬೇಡ ಮಾಮಿ, ಡಾಕ್ಟರು ಬಿಚ್ಚಬಾರದು ಹೇಳಿದ್ದಾರೆ." ಗುರುವಾರ ಬೆಳಿಗ್ಗೆ ಮತ್ತೆ ಅರಸಿನ. ಮಧ್ಯಾಹ್ನ ಮತ್ತೆ. ಸಂಜೆ ಹೊತ್ತಿಗೆ ವಿಜಯಕ್ಕ ನನಗೆ ಫೋನು ಮಾಡಿ ಪಿಸುಗುಟ್ಟಿದರು: "ನಾಳೆ ಸಿಗದಿದ್ದರೆ ನಾನು ನಿಜವಾಗಿಯೂ ಕೊಯ್ದುಕೊಳ್ಳಬೇಕಷ್ಟೆ."

ಶುಕ್ರವಾರ, ಅಮ್ಮನಿಗೆ ಸಮುದ್ರ ತೋರಿಸುವ ನೆಪದಲ್ಲಿ ಎಲ್ಲರೂ ಸುವೈಕಿಗೆ ಹೊರಟೆವು. ಹುಟ್ಟಿದಂದಿನಿಂದ ಸಮುದ್ರದ ಬದಿಯಲ್ಲೇ ಇದ್ದವರಿಗೆ ನೂರು ಮೈಲು ಹತ್ತಿರ ಕರೆದುಕೊಂಡು ಹೋಗಿ ಸಮುದ್ರ ತೋರಿಸುವುದು ಎಂಥ ನೆಪ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಅಮ್ಮ ಏನೂ ಕೇಳದೆ ಬಂದರು.

ಈ ಸಲ ನಾನು ಕ್ರಮ ಬದಲಿಸಿದ್ದೆ. ದೋಣಿಯಿಂದ ಚಪ್ಪರದವರೆಗೆ ಕಡ್ಡಿ ನೆಟ್ಟು, ಹಗ್ಗ ಕಟ್ಟಿ ಚೌಕಗಳನ್ನು ಮಾಡಿದೆ. ಅಮ್ಮ ಹತ್ತಿರ ಬಂದು ನಿಂತು, "ಎಂತ ಮಗಾ, ಮನೆಗೆ ಪಾಯ ಹಾಕುವುದಾ?" ಎಂದು ಕೇಳಿದರು.

"ಇಲ್ಲಮ್ಮ, ಹಳೇ ಕಾಲದ ನಾಣ್ಯ ಹುಡುಕುವುದು."

"ಹಾಂ. ಹುಡುಕು, ಹುಡುಕು" ಎಂದು ಅವರು ಚಪ್ಪರದ ನೆರಳಿಗೆ ಹೋದರು.

ಗುಂಡಿ ಪೂರಾ ಹಿಂದಕ್ಕೆ ತಿರುಗಿಸಿದ ಯಂತ್ರ ಹೆಜ್ಜೆಗೊಮ್ಮೆ ಕೂಗಿತು. ಅದು ಕೂಗಿದ ಕಡೆ ನಾನು ಗೆರೆ ಎಳೆಯುವುದು, ಹಮೀದಾಕ ಮತ್ತು ಸದಾನಂದಣ್ಣ ಬೊಗಸೆಯಲ್ಲಿ ಮರಳು ತೋಡುವುದು. ನಾಲಗೆ. ಮತ್ತೆ ನಾಲಗೆ. ಮೊದಮೊದಲು ಒಂದೊಂದನ್ನೂ ಬಿಸಿಲಿಗೆ ಹಿಡಿದು, ಊದಿ ನೋಡುತ್ತಿದ್ದರು. ಮಧ್ಯಾಹ್ನದ ಮೇಲೆ ಬೆರಳಿಗೆ ತಗಡು ತಾಗಿದ ಕೂಡಲೇ ನೋಡದೆಯೇ ಚೀಲಕ್ಕೆ ಎಸೆದು, "ಯಲ್ಲಾ, ಮುಂದೆ!" ಎನ್ನತೊಡಗಿದರು. "ಈ ಸಮುದ್ರದಲ್ಲಿ ನೀರು ಕುಡಿಯುವವರೇ ಇಲ್ಲವಾ ಮಾರಾಯ್ರೆ, ಎಲ್ಲ ಕೋಲಾವಾ?" ಎಂದು ಹಮೀದಾಕ ಸೊಂಟ ನೆಟ್ಟಗೆ ಮಾಡಿದರು. ನನಗೂ ನೋಡುವ ತಾಳ್ಮೆ ಉಳಿದಿರಲಿಲ್ಲ.

ಚೌಕಗಳೆಲ್ಲ ಮುಗಿದವು. ಸೂರ್ಯನೂ ಮುಗಿಯುವುದರಲ್ಲಿದ್ದ. ಉಂಗುರ ಇಲ್ಲ. ವಿಜಯಕ್ಕ ಸಮುದ್ರದ ಕಡೆ ಮುಖ ಮಾಡಿ, ಬ್ಯಾಂಡೇಜಿನ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಈಗ ಗಾಯ ನಿಜವಾಗಿಯೂ ನೋಯುತ್ತಿರುವ ಹಾಗೆ ಕಂಡಿತು. ಚರುಮುರಿಯ ಮಾತನ್ನು ಯಾರೂ ಎತ್ತಲಿಲ್ಲ.

"ಹೋಗುವ" ಎಂದರು ಸದಾನಂದಣ್ಣ.

"ಒಂದು ನಿಮಿಷ. ಎಣಿಸಿಬಿಡುತ್ತೇನೆ" ಎಂದೆ.

"ಎಂತ ಎಣಿಸುವುದು?"

"ನಾಲಗೆ. ದಿನಚರಿಗೆ ಬೇಕು."

ಹಮೀದಾಕ ತಲೆಗೆ ಕೈ ಹೊತ್ತರು. "ಯಾ ಅಲ್ಲಾಹ್! ಹೆಣ್ಣುಮಗಳು ಅಲ್ಲಿ ಹಾಗೆ ಕೂತಿದ್ದಾಳೆ, ಇವನಿಗೆ ಕಸದ ಲೆಕ್ಕ! ಅಂದಾಜಿಗೆ ಇನ್ನೂರು ಬರೆ ಮಾರಾಯಾ."

ಅಂದಾಜಿಗೆ ಬರೆಯುವುದು ನನ್ನಿಂದ ಆಗುವುದಿಲ್ಲ. ನಾಚಿಕೆಯಾಗುತ್ತಿದ್ದರೂ ಚೀಲವನ್ನು ಚಾಪೆಯ ಮೇಲೆ ಸುರಿದೆ. ಅಮ್ಮ ಎದ್ದು ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತರು. "ಒಬ್ಬನೇ ಎಣಿಸಿದರೆ ಕತ್ತಲಾಗುತ್ತದೆ" ಎಂದು, ಊರಿನ ಹೊಳೆಬದಿಯಲ್ಲಿ ಹೆಂಗಸರು ಮರುವಾಯಿಯ ಚಿಪ್ಪುಗಳನ್ನು ಎಣಿಸಿ ಮಾರುವ ಹಾಗೆ, ಐದೈದು ಹೆಕ್ಕಿ ಒಂದು ಹಿಡಿ ಮಾಡಿ ಪಕ್ಕಕ್ಕೆ ಸರಿಸತೊಡಗಿದರು. ಬಾಯಲ್ಲಿ ಲೆಕ್ಕ, ಕೈಯಲ್ಲಿ ಲೆಕ್ಕ, ಎರಡೂ ಒಂದೇ ವೇಗ. ನಾನು ಎಣಿಸಿ ಮುಗಿಸಿದ ನನ್ನ ಪಾಲನ್ನೂ ಅವರು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು. ಕೊನೆಯದನ್ನು ಹೆಕ್ಕಿದಾಗ ಅಮ್ಮನ ಬಾಯಿ ಇನ್ನೂರ ಹದಿನೇಳು ಎಂದಿತು. ಕೈ ಮಾತ್ರ ಪಕ್ಕಕ್ಕೆ ಸರಿಯಲಿಲ್ಲ.

ಬೆರಳ ತುದಿಯಲ್ಲಿದ್ದ ನಾಲಗೆ ಮರಳು ಮೆತ್ತಿಕೊಂಡು, ನಡುವೆ ಬಾಗಿತ್ತು. ಮಕ್ಕಳು ಬಿಡಿಸುವ ದೂರದ ಹಕ್ಕಿಯ ಹಾಗೆ.

ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿದರು. ಎದ್ದು ವಿಜಯಕ್ಕನ ಹತ್ತಿರ ಹೋಗಿ ಪಕ್ಕದಲ್ಲಿ ಕೂತು, ಎರಡು ದಿನದಿಂದ ಅರಸಿನ ಹಿಡಿದು ಕೇಳಿದ್ದ ಅದೇ ದನಿಯಲ್ಲಿ ಹೇಳಿದರು:

"ಈಗ ಬಿಚ್ಚು ವಿಜಯಾ. ಗಾಯ ವಾಸಿಯಾಯಿತು."

ವಿಜಯಕ್ಕ ನಗುತ್ತ ಅತ್ತರೋ ಅಳುತ್ತ ನಕ್ಕರೋ, ನಾನು ದಾಖಲಿಸಿಕೊಂಡಿಲ್ಲ. "ಮಾಮಿ, ನಿಮಗೆ ಯಾವಾಗ ಗೊತ್ತಾಯಿತು?" ಎಂದು ಕೇಳಿದ್ದು ಮಾತ್ರ ಕೇಳಿಸಿತು.

"ವಿಮಾನದಿಂದ ಇಳಿದು ನಿನ್ನ ಕೈ ನೋಡಿದಾಗ. ಮೀನು ಕೊಯ್ಯುವವಳಿಗೆ ಬಲಗೈಯ ಬೆರಳಿಗೆ ಕತ್ತಿ ತಾಗುವುದು ಹೇಗೆ ಮಗಳೇ? ಕತ್ತಿ ಅದೇ ಕೈಯಲ್ಲಿರುವುದಲ್ಲವಾ?"

ಹಿಂತಿರುಗುವಾಗ ಪಿಕಪ್ಪಿನಲ್ಲಿ ಈ ಕೀರ್ತಿ ಯಾರಿಗೆ ಸಲ್ಲಬೇಕೆಂದು ದೊಡ್ಡ ಚರ್ಚೆಯಾಯಿತು. ಅಜ್ಜನಿಗೆ, ಎಂದರು ವಿಜಯಕ್ಕ. ದರ್ಗಾವನ್ನು ಮರೆಯಬೇಡಿ, ಎಂದರು ಹಮೀದಾಕ. ಯಂತ್ರವನ್ನೂ ಸೇರಿಸಬಹುದೇ ಎಂದು ನಾನು ಮೆಲ್ಲಗೆ ಕೇಳಿದೆ. "ಮಿಷನ್ ಸರಿಯಾಗಿಯೇ ಹೇಳಿತು. ನಾವು ಮೂವರು ಗಂಡಸರು ಅದನ್ನು ಕಸದ ಚೀಲಕ್ಕೆ ಹಾಕಿದೆವು" ಎಂದರು ಸದಾನಂದಣ್ಣ. ಅಮ್ಮ ಮಾತ್ರ, ಹರಕೆಯ ಚಕ್ಕುಲಿಯನ್ನು ಊರಿಗೆ ಹೋದ ಮೇಲೆ ತಾನೇ ಮಾಡಿ ಒಪ್ಪಿಸುವುದಾಗಿ ಹೇಳಿ, ನನ್ನ ಕಡೆ ತಿರುಗಿದರು.

"ಮಗಾ, ಇದನ್ನು ಪುಸ್ತಕದಲ್ಲಿ ಸಿಕ್ಕಿತು ಅಂತ ಬರೆಯಬೇಡ. ನಮ್ಮ ಮನೆಯ ಉಂಗುರ ಕಳೆದೇ ಹೋಗಿರಲಿಲ್ಲ."

ಪುಸ್ತಕದಲ್ಲಿ ಬರೆಯಬೇಡ ಎಂದರು. ಪತ್ರಿಕೆಯ ವಿಷಯ ಅವರು ಹೇಳಲಿಲ್ಲವೆಂಬ ಧೈರ್ಯದಿಂದ ಇಲ್ಲಿ ಬರೆದಿದ್ದೇನೆ. ಯಂತ್ರದ ಗುಂಡಿಯ ಮೇಲೆ ಈಗ ಟೇಪು ಇಲ್ಲ. ಶುಕ್ರವಾರಗಳಂದು ನಾಲಗೆಗಳು ಧಾರಾಳವಾಗಿ ಸಿಗುತ್ತವೆ, ಒಂದೊಂದನ್ನೂ ತಿರುಗಿಸಿ ನೋಡಿ ಎಣಿಸುತ್ತೇನೆ. ಇಸ್ತ್ರಿ ಮೇಜು ಇನ್ನೂ ತಂದಿಲ್ಲ.

ಆ ದಿನದ ಪುಟವನ್ನು ಬೇಕಾದವರು ನೋಡಬಹುದು. ಚಿನ್ನ-ಬೆಳ್ಳಿಯ ಅಗಲವಾದ ಕಾಲಮ್ಮಿನಲ್ಲಿ ಎಂದಿನಂತೆ ಸೊನ್ನೆ. ನಾಲಗೆಗಳ ಕಾಲಮ್ಮಿನಲ್ಲಿ ಇನ್ನೂರ ಹದಿನೇಳು ಎಂದು ಬರೆದು, ಅದನ್ನು ಹೊಡೆದುಹಾಕಿ, ಇನ್ನೂರ ಹದಿನಾರು ಎಂದು ತಿದ್ದಿದ್ದೇನೆ. ನನ್ನ ದಿನಚರಿಯಲ್ಲಿ ಹೊಡೆದುಹಾಕಿದ ಅಂಕೆ ಅದೊಂದೇ.